ಒಂದು ಗೇಣು ನಾಗಸಂಪಿಗೆ

ಘೋಡಬಂದರ್ ರಸ್ತೆಯ ನಮ್ಮ ಸೊಸೈಟಿಯ ಹಿಂಗೋಡೆಗೆ ಒತ್ತಿ ನಿಂತಿರುವ ನಾಗಸಂಪಿಗೆ ಗಿಡಗಳಿಗೆ ನಾನು ಕೊಟ್ಟ ಬೆಲೆ ಒಂದು ಕಾರ್ ಪಾರ್ಕಿಂಗ್, ಹತ್ತಿರ ಹತ್ತಿರ ಒಂದು ವರ್ಷಕ್ಕೆ. ಠಾಣೆಯಲ್ಲಿ ಫ್ಲ್ಯಾಟ್ ಇದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಜನ ಬಂಗಾರವನ್ನು ಲಾಕರಿನಲ್ಲಿಟ್ಟು ನಿಶ್ಚಿಂತೆಯಿಂದ ಇರುತ್ತಾರೆ, ಪಾರ್ಕಿಂಗನ್ನು ಮಾತ್ರ ಮಲಗುವ ಮುಂಚೆ ಒಮ್ಮೆ ಕಿಟಕಿಯಿಂದ ಇಣುಕಿ ನೋಡುತ್ತಾರೆ. ಅಂಥದ್ದನ್ನು ನಾನು ಬಿಟ್ಟುಕೊಟ್ಟು, ಮೆಟ್ರೋ ಕಂಬಗಳ ಕೆಳಗಿನ ಸರ್ವಿಸ್ ರೋಡಿನಲ್ಲಿ ಕಾರು ನಿಲ್ಲಿಸಿ, ದಿನಾ ಬೆಳಿಗ್ಗೆ ಗಾಜಿನ ಮೇಲಿನ ಸಿಮೆಂಟ್ ಧೂಳು ಒರೆಸಿಕೊಂಡು ನನ್ನ ಹೋಟೆಲಿಗೆ ಹೋದೆ. ಕಾರಣ ನನ್ನ ಮಗಳು. ಇನ್ನೊಂದು ಕಾರಣ, ಚೌಕಾಸಿಯಲ್ಲಿ ಸೋಲುವುದು ನನಗೆ ಒಗ್ಗುವುದಿಲ್ಲ.

ಕಳೆದ ವಾರ ತೆಂಗಿನಕಾಯಿ ತಂದ ಲಾರಿ ಮಾಜಿವಾಡಾದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಮಳೆಗೆ ಪೂರ್ತಿ ನೆನೆದು, ವಾಗ್ಳೆ ಎಸ್ಟೇಟಿನ ನಮ್ಮ ಹೋಟೆಲಿನ ಹಿಂಬಾಗಿಲಿಗೆ ಬಂತು. ಗೋಣಿಗಳನ್ನು ಒಳಗೆ ಇಳಿಸಿದ್ದೇ ತಡ, ಉಗ್ರಾಣದ ತುಂಬ ಒದ್ದೆ ಗೋಣಿಯ ವಾಸನೆ. ಬೇರೆಯವರಿಗೆ ಅದು ಮುಗ್ಗಲು. ನನಗೆ ಅದು ಗೆದ್ದ ವರ್ಷದ ವಾಸನೆ.

ಕೆಲವು ವರ್ಷಗಳ ಹಿಂದಿನ ಮಾತು. ಮಗಳು ಶ್ರಾವ್ಯ ಠಾಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅವಳು ಹೋಟೆಲಿಗೆ ಬಂದು ಗಲ್ಲಾದ ಪಕ್ಕ ಕೂತಳೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ. ಅವತ್ತು ಬೇಕಾಗಿದ್ದದ್ದು ನಮ್ಮ ಕಟ್ಟಡದ ಹಿಂದೆ, ಕಾಂಪೌಂಡ್ ಗೋಡೆಗೂ ಪಾರ್ಕಿಂಗಿಗೂ ನಡುವೆ ಇದ್ದ ಒಂದು ಪಟ್ಟಿ ಮಣ್ಣು. ಮಳೆಕಾಡಿನ ಮರಗಳು ಊರಿನ ಒಣಗಾಳಿಗೆ ಹೇಗೆ ಬೆಳೆಯುತ್ತವೆ, ಹೇಗೆ ತಡೆದುಕೊಳ್ಳುತ್ತವೆ ಎಂದು ಸಸಿಯಿಂದಲೇ ನೋಡುವುದು ಅವಳ ಪ್ರಾಜೆಕ್ಟ್. ಕಾಲೇಜಿನ ಅಂಗಳವೆಲ್ಲ ಕಾಂಕ್ರೀಟ್. ನಮ್ಮ ಸೊಸೈಟಿಯವರು ಅದೇ ಪಟ್ಟಿಗೆ ಪೇವರ್ ಬ್ಲಾಕ್ ಹಾಕಿಸಿ ಇನ್ನಷ್ಟು ಗಾಡಿ ನಿಲ್ಲಿಸಬೇಕೆಂದು ಹೊರಟಿದ್ದರು. ಮಣ್ಣು ಹೋದರೆ ಅವಳ ವರ್ಷ ಹೋಗುತ್ತಿತ್ತು.

ನಾನು ಕಮಿಟಿಯ ಮುಂದೆ ಹೋದೆ. ಚೇರ್ಮನ್ ಸಾವಂತ್ ಮ್ಯಾಡಮ್, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ. ಮಾತೆಲ್ಲ ಸೆಕ್ರೆಟರಿ ಕುಲಕರ್ಣಿಯವರದ್ದು. ವಿಜಯಪುರದ ಕಡೆಯವರು, ವಾಗ್ಳೆ ಎಸ್ಟೇಟಿನ ಕಂಪನಿಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಂಡಿದ್ದವರು. ಅಂದರೆ ಅವರದ್ದೂ ನನ್ನದೇ ಕಸುಬು. ನಾನು ನನ್ನ ಪಾರ್ಕಿಂಗನ್ನು ಬಂದವರ ಗಾಡಿಗಳಿಗೆಂದು ಬಿಟ್ಟುಕೊಡುತ್ತೇನೆ, ಬದಲಿಗೆ ಆ ಪಟ್ಟಿಯನ್ನು ಮುಟ್ಟಬೇಡಿ ಎಂದೆ. ಪೇವರ್ ಕೆಲಸವನ್ನು ಯಾರಾದರೂ ಮಳೆಗಾಲಕ್ಕೆ ಮುಂಚೆಯೇ ಮುಗಿಸುತ್ತಾರೆ. ಹಾಗಾಗಿ ಮುಂದಿನ ಮೇ ತಿಂಗಳ ಕೊನೆಯ ತನಕ ಎಂದು ಗಡುವಾಯಿತು. ಕುಲಕರ್ಣಿ ಅಷ್ಟಕ್ಕೆ ಬಿಡಲಿಲ್ಲ. ಗಿಡ ಬದುಕಿದ್ದರೆ ಸಾಲದು, ಬೆಳೆದಿರಬೇಕು, ಎಷ್ಟು ಬೆಳೆಯುತ್ತದೆ ಹೇಳಿ ಎಂದರು. ಒಂದು ಗೇಣು ಎಂದುಬಿಟ್ಟೆ. ಆಗದಿದ್ದರೆ ಮಣ್ಣೂ ಸೊಸೈಟಿಯದ್ದು, ನನ್ನ ಪಾರ್ಕಿಂಗೂ ಕಾಯಂ ಸೊಸೈಟಿಯದ್ದು.

ಅವರು ಗೋಡೆಯ ಮೇಲೆ ಗುರುತು ಹಾಕಲು ತಮ್ಮ ಉದ್ದನೆಯ ಕೈ ಚಾಚುವಷ್ಟರಲ್ಲಿ ನಾನು ನೆಲಕ್ಕೆ ಕೂತು ನನ್ನ ಕೈ ಇಟ್ಟಾಗಿತ್ತು. ನನ್ನ ಬೆರಳುಗಳು ಮೊದಲಿನಿಂದಲೂ ಮೊಂಡು. ಹದಿಹರೆಯದಿಂದ ವಡೆ ತಟ್ಟಿದ ಕೈ. ಕಿರುಬೆಟ್ಟು ಎಲ್ಲಿಗೆ ಮುಟ್ಟಿತೋ ಅಲ್ಲಿ ಸುಣ್ಣದ ಗೆರೆ ಬಿತ್ತು.

"ಶೆಟ್ಟರ, ಇದು ಗೇಣಲ್ಲರೀ, ಮುಕ್ಕಾಲು ಗೇಣು," ಎಂದರು ಕುಲಕರ್ಣಿ.

"ಗೇಣು ಅಂದದ್ದು ನಾನು. ಕೈ ಸಹ ನನ್ನದೇ ಅಲ್ವಾ," ಎಂದೆ. ಸಾವಂತ್ ಮ್ಯಾಡಮ್ ನಕ್ಕು, ಹೌದು, ಅಣ್ಣಾ ಹೇಳಿದ್ದು ಬರೋಬರ್ ಎಂದು ಮುಗಿಸಿದರು.

ಗೆದ್ದೆನೆಂದು ಮನೆಗೆ ಬಂದರೆ ಮಗಳು ತಲೆಯ ಮೇಲೆ ಕೈ ಹೊತ್ತಳು. ನಾನು ಕಂಡದ್ದು ನಮ್ಮ ಕಡೆಯ ಬಸಳೆ ಚಪ್ಪರ. ಇವತ್ತು ದಂಟು ಊರಿದರೆ ಮುಂದಿನ ತಿಂಗಳು ಸಾಂಬಾರಿಗೆ. ಅದೇ ಅಂದಾಜಿನಲ್ಲಿ ಗೇಣು ಎಂದಿದ್ದೆ. ಅವಳು ಬೆಳೆಸಬೇಕೆಂದಿದ್ದದ್ದು ನಾಗಸಂಪಿಗೆ. ಕಬ್ಬಿಣದಂಥ ಕಟ್ಟಿಗೆ ಕಟ್ಟುವ ಮರ. ಅದಕ್ಕೆ ಅವಸರ ಎಂಬುದೇ ಇಲ್ಲ. ದೊಡ್ಡ ಕಾಡಿನಲ್ಲಿ ಅದರ ಸಸಿ ನೆರಳಿನಲ್ಲಿ ವರ್ಷಗಟ್ಟಲೆ ಇದ್ದಷ್ಟೇ ಇರುತ್ತದಂತೆ. ಮೇಲೆ ಯಾವುದೋ ಮುದಿ ಮರ ಉರುಳಿ ಬೆಳಕಿನ ಕಿಂಡಿ ತೆರೆದ ಮೇಲೆಯೇ ಅದರ ಓಟ.

ಬೀಜ ಇದ್ದದ್ದು ನನ್ನ ಹೆಂಡತಿ ಸುಮನಾಳ ತವರಿನಲ್ಲಿ, ಉಡುಪಿಯ ಹತ್ತಿರ. ಅದೂ ಎಲ್ಲಿ? ಅವರ ಮನೆತನದ ನಾಗಬನದಲ್ಲಿ. ನಾಗನಿಗೆ ಬಿಟ್ಟ ಆ ಚಿಕ್ಕ ಕಾಡಿನಿಂದ ಒಣ ಕಡ್ಡಿಯನ್ನೂ ಯಾರೂ ಹೊರಗೆ ತರುವುದಿಲ್ಲ. ಹಾಗೆ ತರದ್ದರಿಂದಲೇ ಅಂಥ ಮರಗಳು ಅಲ್ಲಿ ಉಳಿದಿವೆ. ಮಳೆ ಜಡಿಯುತ್ತಿದ್ದ ಆಗಸ್ಟಿನಲ್ಲಿ ಊರಿಗೆ ಹೋದಾಗ ಅತ್ತೆಯವರು ನನ್ನ ಬಾಯಿ ತೆರೆಯಲೂ ಬಿಡಲಿಲ್ಲ. ನಾನು ಬೆಳಿಗ್ಗೆ ಬನದ ಸುತ್ತ ಒಂದು ಸುತ್ತು ಹಾಕಿ ಬಂದೆ. ಒಂದು ದೊಡ್ಡ ಕೊಂಬೆ ಕಟ್ಟೆ ದಾಟಿ ಹೊರಗಿನ ದಾರಿಯ ಮೇಲೆ ಚಾಚಿತ್ತು. ಒಡೆದ ಕಾಯಿಗಳಿಂದ ಕಂದು ಬೀಜಗಳು ಕೆಸರಿನಲ್ಲಿ ಬಿದ್ದಿದ್ದವು. ರಿಕ್ಷಾಗಳು ಅವುಗಳ ಮೇಲೆಯೇ ಹೋಗುತ್ತಿದ್ದವು.

"ಮಾಮಿ, ಬನದ್ದು ಬನಕ್ಕೆ. ಸರಿ. ರಿಕ್ಷಾದ ಚಕ್ರಕ್ಕೆ ಸಿಗುವುದು ಯಾರದ್ದು?" ಎಂದು ಕೇಳಿದೆ.

ಅತ್ತೆ ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟರು. "ನಿಮ್ಮ ಹತ್ತಿರ ವ್ಯಾಪಾರಕ್ಕೆ ನಾಗನೂ ಕೂರಲಿಕ್ಕಿಲ್ಲ," ಎಂದರು. "ದಾರಿಯದ್ದು ಹೆಕ್ಕಿಕೊಳ್ಳಿ. ಕಟ್ಟೆಯ ಒಳಗೆ ಕೈ ಹಾಕುವ ಹಾಗಿಲ್ಲ. ಮತ್ತೆ ತೆಗೆದುಕೊಂಡು ಹೋದದ್ದನ್ನು ಕೊಂದು ಬರಬೇಡಿ."

ಕೊಂದೆವು. ಮೊದಲ ಚೀಲ ಪೂರ್ತಿ. ರೈಲಿಳಿದು ನಾನು ನೇರವಾಗಿ ಹೋಟೆಲಿಗೆ ಹೋದೆ, ಚೀಲವನ್ನು ಉಗ್ರಾಣದ ರಾಮಣ್ಣನ ಕೈಗೆ ಕೊಟ್ಟು, ಇದು ಜೋಪಾನ ಎಂದೆ. ಹೋಟೆಲಿನವನಿಗೆ ಜೋಪಾನ ಎಂದರೆ ಏನು? ರಾಮಣ್ಣ ಬೀಜಗಳನ್ನು ತೊಳೆದು, ಒಲೆಯ ಪಕ್ಕ ಹರವಿ ಚೆನ್ನಾಗಿ ಒಣಗಿಸಿ, ಡಬ್ಬಿಗೆ ತುಂಬಿ, ಕೋಲ್ಡ್ ರೂಮಿನಲ್ಲಿ ಒಳ್ಳೆಯ ಜಾಗ ನೋಡಿ ಇಟ್ಟ. ಗೋಡಂಬಿಗೆ ಕೊಡುವ ಮರ್ಯಾದೆ. ಮಗಳು ಡಬ್ಬಿ ತೆರೆದು ಒಂದನ್ನು ಕೊಯ್ದು ನನ್ನ ಮುಂದೆ ಹಿಡಿದಳು. ಒಳಗೆ ಕಪ್ಪು. ಬಯಲುಸೀಮೆಯ ಬೀಜಗಳಿಗೆ ನಿದ್ದೆ ಮಾಡುವುದು ಗೊತ್ತು, ಮಳೆಕಾಡಿನ ಬೀಜಕ್ಕೆ ಗೊತ್ತಿಲ್ಲ ಎಂದು ಅವಳು ವಿವರಿಸಿದಳು. ಅದು ಬೀಳುವುದೇ ಒದ್ದೆ ಮಣ್ಣಿಗೆ, ಮಳೆಯ ನಡುವೆ. ಕಾಯುವ ವಿದ್ಯೆ ಯಾಕೆ ಕಲಿಯಬೇಕು? ಒಣಗಿಸಿದರೆ ಸಾಯುತ್ತದೆ, ತಂಪಿನಲ್ಲಿಟ್ಟರೂ ಸಾಯುತ್ತದೆ. ನಾವು ಎರಡನ್ನೂ ಮಾಡಿದ್ದೆವು.

ಎರಡನೆಯ ಸಲ ಸುಮನಾಳೇ ಹೋದಳು. ಅಷ್ಟರಲ್ಲಿ ಸೆಪ್ಟೆಂಬರ್, ದಾರಿಯಲ್ಲಿ ಸಿಕ್ಕಿದ್ದು ಒಂದು ಸೆರಗಿನಷ್ಟು. ಅವಳು ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ರೈಲಿನಲ್ಲಿ ಆಗಾಗ ನೀರು ಚಿಮುಕಿಸುತ್ತ ತಂದಳು. ಎದುರಿನ ಸೀಟಿನವರು ಒಳಗೆ ಮೀನಿದೆಯೆಂದು ಮೂಗು ಮುಚ್ಚಿಕೊಂಡರಂತೆ. ಠಾಣೆಯಲ್ಲಿ ಬಿಚ್ಚಿದಾಗ ಕೆಲವು ಬೀಜಗಳಿಂದ ಆಗಲೇ ಬೇರಿನ ಬಿಳಿ ತುದಿ ಇಣುಕಿತ್ತು. ಇನ್ನೊಂದು ಚೀಲ ತರುವ ಮಾತಿರಲಿಲ್ಲ. ಕಾಯಿಗಳ ಕಾಲ ಮುಗಿದಿತ್ತು.

ಹಿಂದಿನ ಪಟ್ಟಿಯಲ್ಲಿ ಉಪ್ಪಳಿಗೆ ಗಿಡಗಳು ತಾವಾಗಿ ಎದ್ದಿದ್ದವು. ಹತ್ತಿರದ ಯೆವೂರಿನ ಕಾಡುಗುಡ್ಡದಿಂದ ಹಕ್ಕಿಗಳು ತಂದು ಹಾಕಿದ್ದು. ಕೊಡೆಯಂಥ ಎಲೆ, ಪುಸ ಪುಸ ಬೆಳೆಯುವ ಜಾತಿ. ಎಲ್ಲಿ ಬೆಳಕು ಬಿತ್ತೋ ಅಲ್ಲಿ ಮೊದಲು ಬಂದು ನಿಂತು, ಹತ್ತಾರು ವರ್ಷದಲ್ಲಿ ಬದುಕು ಮುಗಿಸಿ, ನಿಧಾನದ ಮರಗಳಿಗೆ ಜಾಗ ಬಿಡುವಂಥದ್ದು. ಶ್ರಾವ್ಯ ಅವುಗಳ ಬುಡದಲ್ಲೇ ಬೀಜ ಊರಿದಳು. ತೆಳ್ಳಗಿನ ಎರಡೆರಡು ಎಲೆಗಳು ಮೇಲೆ ಬಂದವು. ನಾನು ಸರ್ವಿಸ್ ರೋಡಿನಲ್ಲಿ ಕಾರು ಒರೆಸುತ್ತ, ಆಯಿತು, ಇನ್ನೇನು ಎಂದುಕೊಂಡೆ.

ದೀಪಾವಳಿ ಬಂತು. ಪ್ರತಿ ಸೊಸೈಟಿಯಲ್ಲೂ ಆಗುವ ಹಾಗೆ ಸಫಾಯಿ. ತೋಟದ ಮಾಲಿಗೆ ಕುಲಕರ್ಣಿ ಹೇಳಿದ್ದು ಕಸ ತೆಗೆಯಲು. ಅವನಿಗೆ ಕಸವಾಗಿ ಕಂಡದ್ದು ಉಪ್ಪಳಿಗೆ. ಸಸಿ ಒಂದನ್ನೂ ಮುಟ್ಟದೆ, ಅವುಗಳ ಮೇಲಿನ ಕೊಡೆಗಳನ್ನೆಲ್ಲ ಬುಡಕ್ಕೆ ಕಡಿದು ಗುಡಿಸಿಟ್ಟ. ಕುಲಕರ್ಣಿಯವರೇ ನನ್ನನ್ನು ಕರೆದು ತೋರಿಸಿದರು, ನೋಡ್ರಿ, ನಿಮ್ಮ ಗಿಡಕ್ಕ ಈಗ ಬಿಸಲು ಚಲೋ ಬೀಳತದ ಎಂದು. ಅವರು ಮೋಸ ಮಾಡಿದವರಲ್ಲ, ಉಪಕಾರ ಮಾಡಿದೆನೆಂದೇ ತಿಳಿದಿದ್ದರು. ಆ ದಿನಗಳ ಪಶ್ಚಿಮದ ಬಿಸಿಲು ಮೂರು ದಿನದಲ್ಲಿ ಎಲೆಯಂಚುಗಳನ್ನು ಕಾಗದದ ಹಾಗೆ ಸುಟ್ಟಿತು.

ಮಗಳು ಅವತ್ತು ಅತ್ತಳು. ಮಧ್ಯಾಹ್ನ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದ ಮೇಲೆ ಬಂದು, ಪಪ್ಪಾ, ಛೋಡ್ ದೋ, ಪಾರ್ಕಿಂಗ್ ವಾಪಸ್ ಲೇ ಲೋ ಎಂದಳು. ಬಿಟ್ಟುಬಿಡಿ, ಕಮಿಟಿಯನ್ನು ಕೇಳಿಕೊಂಡು ಪಾರ್ಕಿಂಗನ್ನಾದರೂ ಉಳಿಸಿಕೊಳ್ಳಿ ಎಂದು. ಬಿಟ್ಟುಬಿಡಿ ಎಂಬ ಮಾತು ಕೇಳಿದರೆ ನನಗೆ ಇನ್ನಷ್ಟು ಹಟ ಬರುತ್ತದೆ. ಈಗ ಕೊಲ್ಲುತ್ತಿರುವುದು ಏನು, ಅದನ್ನು ಮೊದಲು ಹೇಳು ಎಂದೆ. ಬಿಸಿಲು ಅರ್ಧ, ಒಣಗಾಳಿ ಅರ್ಧ ಎಂದಳು. ಗಾಳಿಗೆ ಬಾಯಾರಿಕೆ. ಅದು ಎಲೆಯಿಂದ ನೀರು ಹೀರುತ್ತದೆ. ಬುಡಕ್ಕೆ ಎಷ್ಟು ಸುರಿದರೂ ಈ ಎಳೆ ಬೇರು ಅಷ್ಟನ್ನು ಮೇಲೆ ಕೊಡಲಾರದು.

ಬಾಯಾರಿದ ಗಿರಾಕಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಊಟ ತಡವಾಗುವುದಿದ್ದರೆ ಬಾಗಿಲಲ್ಲೇ ಒಂದು ಲೋಟ ಮಜ್ಜಿಗೆ ಕೊಡಬೇಕು. ಒಳಗೆ ಬಂದು ಜಗಳ ತೆಗೆಯುವುದಿಲ್ಲ. ಅವತ್ತು ಸಂಜೆಯೇ ತೆಂಗಿನಕಾಯಿಯ ಖಾಲಿ ಗೋಣಿಗಳನ್ನು ತಂದು, ಬಾಳೆಗೊನೆ ಕಟ್ಟುವ ಹಳೆಯ ಬಿದಿರುಗಳಿಗೆ ಬಿಗಿದು, ಪಟ್ಟಿಯ ಪಶ್ಚಿಮಕ್ಕೆ ಗೋಡೆಯ ಹಾಗೆ ನಿಲ್ಲಿಸಿದೆ. ಮೇಲೆ ಒಂದು ಪದರ ಸಡಿಲವಾಗಿ ಹಾಸಿದೆ, ಬೆಳಕು ತೂತುಗಳಿಂದ ಚುಕ್ಕಿ ಚುಕ್ಕಿಯಾಗಿ ಬೀಳುವ ಹಾಗೆ. ದಿನಾ ಬೆಳಿಗ್ಗೆ, ಮಧ್ಯಾಹ್ನ ಗೋಣಿ ತೋಯಿಸುವುದು. ನೀರು ಕುಡಿಯುವ ನೀರಿನ ಫಿಲ್ಟರಿನಿಂದ ಉಪ್ಪಾಗಿ ಚರಂಡಿಗೆ ಹೋಗುತ್ತಿದ್ದದ್ದೇ. ಅದು ಗೋಣಿಗೆ ಮಾತ್ರ, ಗಿಡಕ್ಕೆ ತಾಗಬಾರದು ಎಂದು ಮಗಳ ಕಟ್ಟಪ್ಪಣೆ. ಬುಡಕ್ಕೆ ತೆಂಗಿನ ಸಿಪ್ಪೆ. ಗಾಳಿ ಬಂದು ಮೊದಲು ಗೋಣಿಯ ನೀರು ಕುಡಿಯುತ್ತಿತ್ತು, ಎಲೆಯ ಹತ್ತಿರ ಬರುವಾಗ ಸಮಾಧಾನವಾಗಿರುತ್ತಿತ್ತು. ಶ್ರಾವ್ಯ ಗೋಣಿಯ ಒಳಗೆ ಹೊರಗೆ ಎರಡೂ ಕಡೆ ಗಾಳಿಯ ತೇವ ಅಳೆಯುವ ಮೀಟರ್ ಹಿಡಿದು ನೋಡಿದಳು. ನಾನು ಅವಳ ಮುಖವನ್ನು ನೋಡಿದೆ. ಅಷ್ಟು ಸಾಕಾಯಿತು.

ಆದರೆ ಬೆಳೆಯಬೇಕಲ್ಲ. ಸುಟ್ಟ ಎಲೆ ಉದುರಿ, ಉಳಿದದ್ದು ಕಡುಹಸಿರಾಗಿ ಗಟ್ಟಿಯಾಯಿತು. ಅಲ್ಲಿಗೆ ನಿಂತಿತು. ಸಂಕ್ರಾಂತಿ ಹೋಯಿತು, ಹೋಳಿ ಹೋಯಿತು, ಸಸಿಗಳು ಒಂದು ಬೆರಳಿನಷ್ಟೇ. ಕುಲಕರ್ಣಿ ಬೆಳಗಿನ ವಾಕಿಂಗಿನಲ್ಲಿ ಗೆರೆಯ ಮುಂದೆ ನಿಂತು, "ಇವು ಗಿಡ ಅದಾವೋ, ಊದಿನಕಡ್ಡಿ ಹಚ್ಚೀರೋ?" ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಗೊಬ್ಬರ ಹಾಕೋಣ ಎಂದರೆ ಮಗಳು ಬೇಡ ಎಂದಳು. ಅಕ್ಕಿ ತೊಳೆದ ನೀರು? ಬೇಡ. ನುಗ್ಗೆ ಸೊಪ್ಪಿನ ರಸ? ಅದೂ ಬೇಡ. ಒಂದು ದಿನ ತಾಳ್ಮೆ ಕೆಟ್ಟು, ಇವು ಸತ್ತಿವೆ, ನೀನು ಹೇಳುವುದಿಲ್ಲ ಅಷ್ಟೇ ಎಂದೆ.

"ಪಪ್ಪಾ, ಮರಾ ನಹೀ ಹೈ. ರುಕಾ ಹೈ," ಎಂದಳು. ಸತ್ತಿಲ್ಲ, ನಿಂತಿದೆ. ಆಮೇಲೆ ನನಗೆ ತಿಳಿಯಲೆಂದು ತನ್ನ ತೊದಲು ಕನ್ನಡಕ್ಕೆ ಇಳಿದಳು. "ಎಲೆಗೆ ಚಿಕ್ಕ ಚಿಕ್ಕ ಬಾಯಿ ಉಂಟು. ಗಾಳಿ ಒಣ ಇದ್ರೆ ಅದು ಮುಚ್ಚಿ ಕೂತ್ಕೊಳ್ಳುತ್ತೆ. ನೀರು ಹೋಗೋದಿಲ್ಲ, ಊಟ ಸಹ ಆಗೋದಿಲ್ಲ. ನೀವು ಮಧ್ಯಾಹ್ನ ಹೋಟೆಲಲ್ಲಿ ಅರ್ಧ ಶಟರ್ ಎಳೀತೀರಲ್ಲ, ಹಾಗೆ."

ಅರ್ಧ ಶಟರ್ ಎಂದಾಗ ನನಗೆ ತಿಳಿಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಲೆ ಉರಿಸುವವನು ಉದ್ಧಾರವಾಗುವುದಿಲ್ಲ. ಅದು ನನ್ನ ಬದುಕಿನ ಪಾಠ. ಅದೇ ಪಾಠ ಗಿಡಕ್ಕೂ ಗೊತ್ತಿದ್ದರೆ ನಾನು ಯಾಕೆ ಅದನ್ನು ಕುಟ್ಟಿ ಎಬ್ಬಿಸಲಿ? ಈ ಮರಗಳು ದಿನಕ್ಕಿಷ್ಟು ಎಂದು ಬೆಳೆಯುವುದಿಲ್ಲ, ಕಾದು ಕಾದು ಒಂದೇ ಸಲಕ್ಕೆ ಏರುತ್ತವೆ ಎಂದು ಅವಳು ಹೇಳಿದ್ದನ್ನು ಮಾತ್ರ ನಂಬಿ, ಗೋಣಿ ತೋಯಿಸುತ್ತ ಹೋದೆ. ಏಪ್ರಿಲಿನಲ್ಲಿ ಕಲ್ಯಾಣ್, ಡೊಂಬಿವಲಿಯ ಕಡೆಯಿಂದ ಬರುವ ನಮ್ಮ ಸಪ್ಲೈಯರುಗಳು ತಲೆಗೆ ಒದ್ದೆ ಟವಲ್ ಹೊದ್ದು ಬಂದು ಕೂರುತ್ತಿದ್ದರು. ನಮ್ಮ ಕಟ್ಟಡದ ಬೇರೆ ತೋಟದಲ್ಲಿ ಹುಲ್ಲು ಕೂಡ ಹಳದಿಯಾಯಿತು. ಗೋಣಿಯ ಒಳಗೆ ಬೆರಳೆತ್ತರದ ಆ ಸಸಿಗಳು ಒಂದು ಎಲೆಯನ್ನೂ ಉದುರಿಸಲಿಲ್ಲ.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ರಾಮಣ್ಣ ಹಪ್ಪಳದ ಡಬ್ಬಿ ಹಿಡಿದುಕೊಂಡು ಗೊಣಗಿದ. ಹಪ್ಪಳವೆಲ್ಲ ಮೆತ್ತಗೆ. ಉಪ್ಪಿನ ಬಟ್ಟಲು ಬೆವರಿತ್ತು. ಆಕಾಶದಲ್ಲಿ ಮೋಡವಿಲ್ಲ, ಮಳೆಯ ಸುದ್ದಿಯಿಲ್ಲ, ಆದರೆ ಸಮುದ್ರದ ಗಾಳಿ ಒಳಗೆ ಬಂದಾಗಿತ್ತು. ಹವಾಮಾನದವರು ಹೇಳುವ ಮುಂಚೆ ಹೋಟೆಲಿನ ಹಪ್ಪಳ ಹೇಳುತ್ತದೆ. ಮಗಳಿಗೆ ಫೋನ್ ಮಾಡಿ, ಗಿರಾಕಿ ಬಂದ ಹಾಗಿದೆ ಎಂದೆ. ಅವಳು ಸಂಜೆ ಸಸಿಗಳ ನೆತ್ತಿ ಮುಟ್ಟಿ ನೋಡಿ, ಮೊಗ್ಗು ಉಬ್ಬಿದೆ ಎಂದಳು.

ಸೊಸೈಟಿಯ ಮೀಟಿಂಗ್ ಗೊತ್ತುಪಡಿಸಿದ್ದು ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ, ಸ್ಥಳದಲ್ಲೇ. ಪೇವರ್ ಬ್ಲಾಕ್‌ಗಳು ಆಗಲೇ ಗೇಟಿನ ಬಳಿ ಬಂದು ಬಿದ್ದಿದ್ದವು. ಹಿಂದಿನ ಮೂರು ದಿನ ಹೋಟೆಲಿಗೆ ದೊಡ್ಡ ಆರ್ಡರ್ ಇದ್ದು ನಾನು ಹಿಂಭಾಗಕ್ಕೆ ಹೋಗಿರಲಿಲ್ಲ. ಭಾನುವಾರ ಎಲ್ಲರ ಜೊತೆಯಲ್ಲೇ ಹೋದೆ, ನಾನೇ ಗೋಣಿ ಸರಿಸಿದೆ. ಪ್ರತಿ ಸಸಿಯ ತಲೆಯಲ್ಲೂ ರಕ್ತದಂಥ ಕೆಂಪು ಎಲೆಗಳು, ನೀರಿನಿಂದ ಎತ್ತಿದ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಜನರ ನಡುವೆ ಒಂದು ಅಯ್ಯೋ ಎದ್ದಿತು. ಕುಲಕರ್ಣಿಯವರ ದನಿಯಲ್ಲಿ ಕುಚೋದ್ಯ ಇರಲಿಲ್ಲ, ಬೇಸರವೇ ಇತ್ತು.

"ಪಾಪ, ಸುಟ್ಟು ಜೋತು ಬಿದ್ದಾವ್ರೀ ಶೆಟ್ಟರ. ಇನ್ನ ಬಿಡ್ರಿ. ನಾಳೆ ಬ್ಲಾಕಿನ ಕೆಲಸಾ ಚಾಲೂ ಮಾಡಸ್ತೀನಿ."

ನಾನು ಮಗಳ ಕಡೆ ತಿರುಗಿದೆ. ಅವಳು ನಗುತ್ತಿದ್ದಳು. ಆ ನಗು ನೋಡಿದ ಮೇಲೆ ನನಗೆ ಸಸ್ಯಶಾಸ್ತ್ರದ ಅಗತ್ಯ ಬೀಳಲಿಲ್ಲ. ಸೊಪ್ಪು ಕೊಳ್ಳುವವನು ಕಣ್ಣಿನಿಂದ ಕೊಳ್ಳುವುದಿಲ್ಲ, ಬೆರಳಿನಿಂದ ಕೊಳ್ಳುತ್ತಾನೆ. ಒಂದು ಎಲೆ ಕಿತ್ತು ಕುಲಕರ್ಣಿಯವರ ಅಂಗೈಗೆ ಇಟ್ಟೆ.

"ಹಿಸುಕಿ ನೋಡಿ. ಸತ್ತ ಎಲೆಯಾದರೆ ಪುಡಿ ಆಗಬೇಕು."

ಅವರು ಹಿಸುಕಿದರು. ಎಲೆ ರೇಷ್ಮೆಯ ಚೂರಿನ ಹಾಗೆ ಮುದುಡಿತು, ಬೆರಳು ಒದ್ದೆಯಾಯಿತು. ಖರೀದಿಯ ಮನುಷ್ಯ, ಮಾಲು ತಾಜಾ ಎಂದು ಅವರ ಕೈಗೆ ತಿಳಿಯಿತು. ಆಗ ಶ್ರಾವ್ಯ ಎಲ್ಲರಿಗೂ ಹಿಂದಿಯಲ್ಲಿ ಹೇಳಿದಳು: ಇದು ಹೊಸ ಚಿಗುರು, ಹೀಗೇ ಬರುವುದು. ಗಿಡ ಮೊದಲು ಎಲೆಯನ್ನು ಅವಸರದಿಂದ ದೊಡ್ಡದು ಮಾಡುತ್ತದೆ. ಬಿಗಿ ಆಮೇಲೆ, ಹಸಿರು ಇನ್ನೂ ಆಮೇಲೆ. ಎಳೆಯದರಲ್ಲಿ ಹೆಚ್ಚು ಬಂಡವಾಳ ಹಾಕಿದರೆ ಹುಳು ತಿಂದು ಹೋಗುತ್ತದೆ. ಆ ಕೆಂಪು ಅದಕ್ಕೆ ಬಿಸಿಲಿನ ಕೊಡೆ. ಹೊಸ ಬ್ರಾಂಚ್ ತೆರೆದ ದಿನವೇ ಉಗ್ರಾಣ ತುಂಬುವವನು ದಡ್ಡ ಎಂದು ನಾನು ಕನ್ನಡದಲ್ಲಿ ಕುಲಕರ್ಣಿಯವರಿಗೆ ಅನುವಾದ ಮಾಡಿದೆ.

ಉಳಿದದ್ದು ಗೆರೆ. ಎಲೆಗಳು ಗೆರೆಗಿಂತ ಕೆಳಗೆ ಜೋತಿದ್ದವು ನಿಜ. ಆದರೆ ಎಲೆಗಳನ್ನು ಸರಿಸಿದರೆ ಕಾಂಡದ ಎಳೆ ತುದಿ, ಸೂಜಿಯಷ್ಟು ನೆಟ್ಟಗೆ, ಆ ಕೆಲವೇ ದಿನಗಳಲ್ಲಿ ಏರಿ ನಿಂತಿತ್ತು. ಕುಲಕರ್ಣಿ ಎಲೆಯಿಂದ ಅಳೆಯಬೇಕು ಎಂದರು, ನಾನು ಕಾಂಡದಿಂದ ಎಂದೆ, ಜನ ಎರಡು ಪಾಲಾದರು. ಸಾವಂತ್ ಮ್ಯಾಡಮ್ ಕನ್ನಡಕ ಸರಿಮಾಡಿಕೊಂಡು, ಶಾಲೆಯಲ್ಲಿ ಮಕ್ಕಳ ಎತ್ತರ ಅಳೆಯುವಾಗ ನಾವು ಜಡೆ ಅಳೆಯುತ್ತಿರಲಿಲ್ಲ, ತಲೆ ಅಳೆಯುತ್ತಿದ್ದೆವು ಎಂದರು ಮರಾಠಿಯಲ್ಲಿ. ತಾವೇ ಸೀರೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಒಂದೊಂದರ ಪಕ್ಕ ಗೆರೆಯ ಮಟ್ಟಕ್ಕೆ ಅಡ್ಡಪಟ್ಟಿ ಹಿಡಿದು ನೋಡುತ್ತ ಹೋದರು. ಪಾರ್ ಕೇಲಾ, ಪಾರ್ ಕೇಲಾ. ದಾಟಿದೆ, ದಾಟಿದೆ. ಮೂಲೆಯ ಒಂದೆರಡು ಕುಳ್ಳ ಸಸಿ ಬಿಟ್ಟರೆ ಎಲ್ಲವೂ ದಾಟಿದ್ದವು. ಗೆರೆಯ ಮೇಲೆ ಬೆರಳಿನಗಲ ಅಷ್ಟೇ. ಕುಲಕರ್ಣಿಯವರ ಗೇಣಾಗಿದ್ದರೆ ಒಂದೂ ದಾಟುತ್ತಿರಲಿಲ್ಲ.

ಅವರು ನನ್ನ ಕೈಯನ್ನು ಹಿಡಿದೆತ್ತಿ, ಬೆರಳುಗಳನ್ನು ಒಮ್ಮೆ ನೋಡಿ, ಜೋರಾಗಿ ನಕ್ಕರು. ಪೇವರ್ ಬ್ಲಾಕ್‌ಗಳು ಗೇಟಿನ ಹತ್ತಿರದ ಹೊಂಡ ಮುಚ್ಚಲು ಹೋದವು. ನನ್ನ ಕಾರು ಮಳೆಗೆ ಮುಂಚೆ ಒಳಗೆ ಬಂತು. ಶ್ರಾವ್ಯ ಆ ಗಿಡಗಳ ಮೇಲೆ ಬರೆದು ಪಾಸಾಗಿ, ಅದೇ ದಾರಿಯಲ್ಲಿ ಮುಂದೆ ಹೋದಳು. ಅತ್ತೆಗೆ ಸುಮನಾ ವೀಡಿಯೊ ಕಾಲಿನಲ್ಲಿ ಕೆಂಪು ಚಿಗುರು ತೋರಿಸಿದಾಗ ಅವರು ಕೈ ಮುಗಿದರು. ಗಿಡಕ್ಕೋ ನಾಗನಿಗೋ ಹೇಳಲಿಲ್ಲ. ಈಗ ಅವು ನನ್ನ ಹೆಗಲು ದಾಟಿವೆ. ಎರಡನೆಯ ಸಾಲು ನೆಡಿಸುವವರು ಯಾರು ಗೊತ್ತೇ? ಕುಲಕರ್ಣಿ. ಗೋಣಿಗೆಂದು ನನ್ನ ಹೋಟೆಲಿಗೆ ಬರುತ್ತಾರೆ, ಕಾಫಿ ಕುಡಿಯದೆ ಹೋಗುವುದಿಲ್ಲ.

ನೀವೂ ನೆಡುವವರಾದರೆ ಕೇಳಿ. ಮಳೆಕಾಡಿನ ಮರದ ಬೀಜ ಸಿಕ್ಕಿದರೆ ತೊಳೆದು ಒಣಗಿಸಬೇಡಿ, ಫ್ರಿಜ್ಜಿಗಂತೂ ಇಡಲೇಬೇಡಿ. ಒದ್ದೆ ಗೋಣಿಯಲ್ಲಿ ಸುತ್ತಿ ಸಿಕ್ಕಿದ ವಾರವೇ ಮಣ್ಣಿಗೆ ಹಾಕಿ. ತಾನಾಗಿ ಎದ್ದ ಅಗಲ ಎಲೆಯ ಗಿಡವನ್ನು ಕಸವೆಂದು ಕೀಳಬೇಡಿ, ನಿಮ್ಮ ಸಸಿಗೆ ಅದಕ್ಕಿಂತ ಅಗ್ಗದ ಕೊಡೆ ಪೇಟೆಯಲ್ಲಿ ಸಿಗುವುದಿಲ್ಲ. ಕೊಡೆ ಹೋದರೆ ಪಶ್ಚಿಮಕ್ಕೆ ಒದ್ದೆ ಗೋಣಿ ಕಟ್ಟಿ. ಬೇಸಿಗೆಯಲ್ಲಿ ಗಿಡ ಸುಮ್ಮನೆ ನಿಂತರೆ ಗೊಬ್ಬರ ಸುರಿದು ಪೀಡಿಸಬೇಡಿ, ಉಗುರಿನಿಂದ ಕಾಂಡವನ್ನು ಚೂರು ಕೆರೆಯಿರಿ, ಒಳಗೆ ಹಸಿರಿದ್ದರೆ ಶಟರ್ ಅರ್ಧ ಎಳೆದಿದೆ ಅಷ್ಟೇ. ಹಪ್ಪಳ ಮೆತ್ತಗಾದ ದಿನದಿಂದ ಕಣ್ಣಿಡಿ. ಚಿಗುರು ಕೆಂಪಾಗಿ ಜೋತರೆ ಹೆದರುವ ಮುಂಚೆ ಮುಟ್ಟಿ ನೋಡಿ. ಮತ್ತೆ ಯಾರ ಮುಂದೆಯಾದರೂ ಗೇಣಿನ ಮಾತು ಕೊಡಬೇಕಾಗಿ ಬಂದರೆ, ಅವರು ಕೈ ಚಾಚುವ ಮೊದಲು ನಿಮ್ಮ ಕೈಯನ್ನು ಗೋಡೆಗೆ ಇಡಿ.